ಯಾರೂ ಸಾಯದ ಹೆಸರು

ಕಿಂಬರ್ಲಿ, ದಕ್ಷಿಣ ಆಫ್ರಿಕಾ
೧ ಆಗಸ್ಟ್ ೧೮೯೯

ಪ್ರೀತಿಯ ಕೆಜಾಯಾ ಅಕ್ಕನಿಗೆ,

ಈ ಕಾಗದವನ್ನು ಚಿಕ್ಕಮ್ಮನ ಮುಂದೆ ಓದಬೇಡ. ಒಲೆಯ ಹತ್ತಿರ ನಿಂತು ಓದು, ಓದಿದ ಮೇಲೆ ಒಳಕ್ಕೆ ಹಾಕಿಬಿಡು.

ನಾನು ಮತ್ತೆ ಬಸುರಿ. ಜನವರಿ ಕೊನೆಗೆ ದಿನ ತುಂಬುತ್ತದಂತೆ. ಎನಾಕ್‌ಗೆ ಹೇಳಿದ ದಿನ ಆತ ಗಣಿಯಿಂದ ಬರುವಾಗ ಶಿಳ್ಳೆ ಹಾಕುತ್ತ ಬಂದ, ಊಟಕ್ಕೆ ಕೂತವನು, "ಈ ಸಲ ಗಂಡಾದ್ರೆ ಮತ್ತೆ ವಾಲ್ಟರ್ ಅಂತಲೇ ಇಡೋಣ ಕಣೆ, ಅಪ್ಪನ ಹೆಸರು ಉಳೀಬೇಕು" ಎಂದ. ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಹೋದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ ಅಲ್ಲವೇ, ಇವಳಿಗೇನಾಯಿತು ಅಂದುಕೊಂಡಿರಬೇಕು.

ವಾಲ್ಟರ್‌ಗೆ ಮಾವನ ಹೆಸರಿಟ್ಟೆವು, ಹನ್ನೊಂದು ತಿಂಗಳಿಗೆ ಹೋದ. ಎಲೆನ್‌ಗೆ ನಮ್ಮಮ್ಮನ ಹೆಸರಿಟ್ಟೆವು, ಎರಡು ವರ್ಷ ತುಂಬಲಿಲ್ಲ. ಎರಡೂ ಸತ್ತವರ ಹೆಸರು. ಸತ್ತವರು ತಮ್ಮ ಹೆಸರು ಕೇಳಿದರೆ ತಿರುಗಿ ನೋಡುತ್ತಾರೆ ಅಕ್ಕ, ಬಂದು ಕರೆದುಕೊಂಡು ಹೋಗುತ್ತಾರೆ. ನಗು. ನಗುವಷ್ಟು ನಕ್ಕು ಆಮೇಲೆ ನನ್ನದೊಂದು ಕೆಲಸ ಮಾಡಿಕೊಡು.

ಯಾರೂ ಸತ್ತಿರದ ಒಂದು ಹೆಸರು ಹುಡುಕು. ಅದು ಯಾವ ಗೋರಿಕಲ್ಲಿನ ಮೇಲೂ ಇರಬಾರದು. ಗಂಡಿಗೂ ಹೆಣ್ಣಿಗೂ ಸಲ್ಲಬೇಕು. ಎರಡು ಹೆಸರು ಹೊತ್ತುಕೊಂಡು ಎರಡು ಪಟ್ಟು ಹೆದರುವ ಶಕ್ತಿ ನನಗಿಲ್ಲ. ನಾನೇ ಇಲ್ಲಿ ಹುಡುಕಬಹುದಿತ್ತು, ಆದರೆ ಇಲ್ಲಿಯ ಸ್ಮಶಾನದ ಗೇಟಿನ ಹತ್ತಿರ ಹೋದರೆ ನನ್ನ ಕಾಲು ಮುಂದಕ್ಕೆ ಬರುವುದಿಲ್ಲ. ಒಳಗೆ ನನ್ನ ಇಬ್ಬರಿದ್ದಾರೆ.

ನಿನ್ನ ತಂಗಿ,
ಥರ್ಜಾ


ಕಾರ್ಲ್ಟನ್, ನಾರ್ಫೋಕ್, ಇಂಗ್ಲೆಂಡ್
೨೬ ಆಗಸ್ಟ್ ೧೮೯೯

ಥರ್ಜಾ,

ನಿನ್ನ ಕಾಗದ ಒಲೆಗೆ ಹೋಗಲಿಲ್ಲ, ಇಸ್ತ್ರಿ ಮೇಜಿನ ಹಾಸುಬಟ್ಟೆಯ ಕೆಳಗಿದೆ. ನಗಲೂ ಇಲ್ಲ. ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಬೂಟು ಹಾಕಿಕೊಂಡು ಹೊರಟೆ.

ನಾಲ್ಕು ಊರಿನ ಚರ್ಚಿನ ಹಿತ್ತಲ ಸ್ಮಶಾನ ಸುತ್ತಿದ್ದೇನೆ. ಗುಂಡಿ ತೋಡುವ ಓಬೆಡ್ ಮೊದಲನೆಯ ದಿನ ನನ್ನ ಹಿಂದೆಯೇ ಬಂದ. "ಏನ್ ಕೆಜಾಯಮ್ಮ, ಜಾಗ ನೋಡ್ಕೊಳ್ಳೋಕೆ ಬಂದ್ರಾ? ಬಿಸಿಲು ಬೀಳೋ ಕಡೆ ಒಂದಿದೆ, ಕೊಡ್ಲಾ?" ಅಂದ. ನಾನು ವಿಷಯ ಹೇಳಿದೆ. ಅವನು ಗುದ್ದಲಿ ಹೆಗಲಿಗೇರಿಸಿ ಕಲ್ಲು ನೋಡಲು ನನ್ನ ಜೊತೆ ಹೊರಟ.

ಎರಡಕ್ಕೂ ಸಲ್ಲುವ ಹೆಸರು ಬೇಕಾದಷ್ಟಿವೆ. ಈವ್ಲಿನ್ ಇದೆ. ನಮ್ಮ ಚರ್ಚಿನ ಒಳಗೇ ಒಬ್ಬ ಈವ್ಲಿನ್ ಗೋರಿಯ ಮೇಲೆ ಕಲ್ಲಿನ ಪ್ರತಿಮೆಯಾಗಿ ಕತ್ತಿ ಹಿಡಿದು ಮಲಗಿದ್ದಾನೆ, ಹೊರಗೆ ಯೂ ಮರದ ಕೆಳಗೆ ಇನ್ನೊಬ್ಬಳು ಈವ್ಲಿನ್ ಹದಿನೇಳಕ್ಕೇ ಹೋಗಿದ್ದಾಳೆ. ಹಿಲರಿ ಎರಡು ಸಿಕ್ಕಿದವು, ಸಿಡ್ನಿ ಮೂರು. ಶರ್ಲಿ ಈಗೀಗ ಹೆಣ್ಣುಮಕ್ಕಳಿಗೂ ಬಂದಿದೆ, ಆದರೆ ಪಕ್ಕದ ಊರಿನಲ್ಲಿ ಒಂದು ಹೊಸ ಕಲ್ಲು ನೋಡಿ ಅದನ್ನೂ ಬಿಟ್ಟೆ. ಓಬೆಡ್ ಹೇಳಿದ: "ಎಲ್ಲಾ ಹಳೇ ಕೋಟಿನ ಥರ ಕಣಮ್ಮ. ಊರಿನ ಹೆಸರು ಮನೆತನಕ್ಕೆ ಬರುತ್ತೆ, ಮನೆತನದ ಹೆಸರು ಹುಡುಗನಿಗೆ ಇಡ್ತಾರೆ, ಹುಡುಗನದ್ದು ಹುಡುಗಿ ಹಾಕ್ಕೊಳ್ತಾಳೆ. ಯಾರೂ ತೊಡದೇ ಇರೋದು ಬೇಕು ಅಂದ್ರೆ ಇನ್ನೂ ಊರಿನ ಹೆಸರಾಗೇ ಇರೋದನ್ನ ಹಿಡ್ಕೋಬೇಕು."

ಅವನು ಅಷ್ಟು ಹೇಳಿದಾಗ ನಾವು ಕಿಂಬರ್ಲಿಯ ಚರ್ಚಿನ ಗೋಡೆಯ ಮೇಲೆ ಕೂತಿದ್ದೆವು. ನೀನಿರುವ ಕಿಂಬರ್ಲಿ ಅಲ್ಲ, ಇಲ್ಲಿ ನಮ್ಮ ಮನೆಯಿಂದ ಅರ್ಧ ಗಂಟೆ ನಡೆದರೆ ಸಿಗುವ ಈ ಕಿಂಬರ್ಲಿ. ಪ್ರತಿ ಕಲ್ಲಿನ ಮೇಲೂ 'ಕಿಂಬರ್ಲಿಯ ಇಂಥವನು, ಕಿಂಬರ್ಲಿಯ ಇಂಥವಳು' ಎಂದಿದೆ. ಆದರೆ ಕಿಂಬರ್ಲಿ ಎಂಬ ಹೆಸರಿನ ಒಬ್ಬರೂ ಇಲ್ಲ. ಮೂರು ಸಲ ಸುತ್ತಿ ನೋಡಿದೆ. ಈ ಊರಿನ ಪ್ರಭುಗಳು ವಸಾಹತುಗಳ ಮಂತ್ರಿಗಳಾಗಿದ್ದಾಗ ಅವರ ಪದವಿಯಲ್ಲಿದ್ದ ಈ ಊರಿನ ಹೆಸರು ಸಮುದ್ರ ದಾಟಿ ನಿನ್ನ ವಜ್ರದ ಊರಿಗೆ ಹೋಗಿ ಕೂತಿತು. ಅಷ್ಟು ದೂರ ಹೋದ ಹೆಸರು ಇದುವರೆಗೆ ಒಂದು ತೊಟ್ಟಿಲಿಗೂ ಹೋಗಿಲ್ಲ, ಒಂದು ಗುಂಡಿಗೂ ಹೋಗಿಲ್ಲ.

ಓಬೆಡ್ ಬಿದ್ದುಬಿದ್ದು ನಕ್ಕ. "ಟರ್ನಿಪ್ ಗಡ್ಡೆ ಬೆಳೆಯೋ ಊರಿನ ಹೆಸರು ಮಗೂಗಾ! ಹಂಗಾದ್ರೆ ನಾಳೆ ನಮ್ಮ ಹಸೂಗೆ ನಾರ್ವಿಚ್ ಅಂತ ಕರೀತೀನಿ!" ಎಂದ. ನಗಲಿ ಬಿಡು.

ಒಂದು ಮಾತು. ದೀಕ್ಷಾಸ್ನಾನ ಆಗುವ ತನಕ ಈ ಹೆಸರನ್ನು ಬಾಯಿಬಿಟ್ಟು ಯಾರಿಗೂ ಹೇಳಬೇಡ. ಪಾದ್ರಿಗಳು ನೀರು ಹಾಕಿ ಕರೆಯುವ ಮುಂಚೆ ನಾವು ಕರೆಯಬಾರದು. ಅಮ್ಮ ಹಾಗೆಯೇ ನಡೆಸಿಕೊಂಡು ಬಂದಳು, ನಾವಿಬ್ಬರೂ ಬದುಕಿದ್ದೇವೆ.

ಕೆಜಾಯಾ


ಕಿಂಬರ್ಲಿ
೨೨ ಸೆಪ್ಟೆಂಬರ್ ೧೮೯೯

ಅಕ್ಕ,

ಸಿಕ್ಕಿತು. ಓದಿದ ಕೂಡಲೇ ಇದೇ ಅನ್ನಿಸಿತು. ಆ ಹೆಸರನ್ನು ಇಲ್ಲಿ ಬರೆಯುವುದೂ ಇಲ್ಲ ನೋಡು, ಮೇಲೆ ಊರಿನ ಜಾಗದಲ್ಲಿ ಬರೆಯಲೇಬೇಕಾಯಿತು ಅಷ್ಟೇ. ನಾಲಿಗೆಯ ತುದಿಗೆ ಬಂದಾಗ ಬ್ರೆಡ್ಡಿನ ತುಂಡು ಕಚ್ಚಿಕೊಳ್ಳುತ್ತೇನೆ. ಎನಾಕ್‌ಗೂ ಹೇಳಿಲ್ಲ.

ಇಲ್ಲಿ ಯುದ್ಧ ಬರುತ್ತದೆ ಎನ್ನುತ್ತಿದ್ದಾರೆ. ಬೋಯರರು, ಇಲ್ಲಿಯ ಡಚ್ ಮೂಲದ ರೈತರು, ಗಡಿಯಲ್ಲಿ ಕುದುರೆ ಸೇರಿಸುತ್ತಿದ್ದಾರಂತೆ. ಅನುಕೂಲ ಇದ್ದವರು ಹೆಂಡತಿ ಮಕ್ಕಳನ್ನು ರೈಲು ಹತ್ತಿಸಿ ಕೇಪ್‌ಟೌನಿಗೆ ಕಳಿಸುತ್ತಿದ್ದಾರೆ. ಎನಾಕ್ ಗಣಿಯ ಇಂಜಿನ್ ಬಿಟ್ಟು ಬರುವಂತಿಲ್ಲ. ನನಗೆ ರೈಲು ಕೂಡದು ಎಂದು ವೈದ್ಯರು ಹೇಳಿದ್ದಾರೆ. ನಿನ್ನೆ ಬೇಲಿಯಾಚೆಯ ಟ್ಯಾಮ್ಸಿನ್ ಪಾಸ್ಕೋ, ಕಾರ್ನ್‌ವಾಲ್ ಕಡೆಯವಳು, ಅವಳೂ ಬಸುರಿ, "ಬಿಡೇ, ನಮ್ಮ ಗಂಡಂದಿರು ನೆಲದೊಳಗೇ ಇರೋರು, ಫಿರಂಗಿ ಬಂದ್ರೆ ನಾವೂ ಅಲ್ಲಿಗೇ ಹೋಗಿ ಅಡುಗೆ ಮಾಡೋಣ" ಎಂದು ನಗಿಸಿದಳು. ನಕ್ಕೆ. ಒಳಗೆ ಬಂದ ಮೇಲೆ ಬಾಗಿಲಿಗೆ ಅಗುಳಿ ಹಾಕಿದೆ.

ಇನ್ನೂ ಬೇರೆ ಊರಿನ ಕಲ್ಲುಗಳನ್ನು ನೋಡು ಅಕ್ಕ. ನಾಲ್ಕು ಊರು ಸಾಲದು.

ಥರ್ಜಾ


ಕಾರ್ಲ್ಟನ್
೩ ಡಿಸೆಂಬರ್ ೧೮೯೯

ಥರ್ಜಾ,

ನಿನ್ನ ಕೊನೆಯ ಕಾಗದ ಬಂದು ಏಳು ವಾರವಾಯಿತು. ಬೋಯರರು ನಿಮ್ಮ ಊರನ್ನು ಮುತ್ತಿದ್ದಾರೆ, ರೈಲು ತಂತಿ ಎಲ್ಲಾ ಕತ್ತರಿಸಿದ್ದಾರೆ, ಟಪಾಲು ಎಲ್ಲೋ ದಾರಿಯಲ್ಲಿ ಗೋಣಿಚೀಲದಲ್ಲಿ ಬಿದ್ದಿರುತ್ತದೆ ಎಂದು ಅಂಚೆಯವನು ಹೇಳಿದ. ಆದರೂ ಬರೆಯುತ್ತಿದ್ದೇನೆ. ಬರೆಯದೆ ಕೂತರೆ ನೀನು ಇಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ.

ನಾನು ಹುಡುಕಿಟ್ಟ ಹೆಸರು ಈಗ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಅಂಗಡಿಗೆ ಹೋದರೆ ಅದೇ, ಚರ್ಚಿಗೆ ಹೋದರೆ ಅದೇ. ಕಿಂಬರ್ಲಿಯಲ್ಲಿ ಹಿಟ್ಟು ಇಲ್ಲವಂತೆ, ಕಿಂಬರ್ಲಿಯಲ್ಲಿ ಕುದುರೆ ತಿನ್ನುತ್ತಿದ್ದಾರಂತೆ. ಪಾದ್ರಿಗಳು ಪ್ರಾರ್ಥನೆಯಲ್ಲಿ ಆ ಹೆಸರು ಎತ್ತಿದಾಗ ನಾನು ಕಿವಿ ಮುಚ್ಚಿಕೊಂಡೆ, ಚಿಕ್ಕಮ್ಮ ಮೊಣಕೈಯಿಂದ ತಿವಿದಳು.

ಇನ್ನೂ ಆರು ಊರು ನೋಡಿದೆ. ಇಲ್ಲ. ಎಲ್ಲೂ ಇಲ್ಲ. ಮಗು ಬರಲಿ.

ಕೆಜಾಯಾ


ಕಾರ್ಲ್ಟನ್
೧೯ ಫೆಬ್ರವರಿ ೧೯೦೦

ಥರ್ಜಾ, ನನ್ನ ಚಿನ್ನ,

ನಿಮ್ಮ ಊರಿಗೆ ಬಿಡುಗಡೆ ಆಯಿತಂತೆ! ಶುಕ್ರವಾರ ಸಂಜೆಯಿಂದ ಗಂಟೆ ಹೊಡೆದು ಹೊಡೆದು ಓಬೆಡ್‌ನ ಅಂಗೈ ಸುಲಿದಿದೆ. ಪಕ್ಕದ ಕಿಂಬರ್ಲಿಯವರಂತೂ ತಾವೇ ಯುದ್ಧ ಗೆದ್ದವರಂತೆ ಮೀಸೆ ತಿರುವುತ್ತಿದ್ದಾರೆ, ಅವರ ಪೈಕಿ ಅರ್ಧ ಜನಕ್ಕೆ ಆಫ್ರಿಕಾ ಎಲ್ಲಿದೆ ಎಂದೇ ಗೊತ್ತಿಲ್ಲ.

ನಿನ್ನೆ ಭಾನುವಾರ ಚರ್ಚಿನಲ್ಲಿ ಮೂರು ಕೂಸುಗಳಿಗೆ ದೀಕ್ಷಾಸ್ನಾನ. ಮೊದಲನೆಯದು ಗಂಡು, ಪಾದ್ರಿಗಳು ಕೇಳಿದರು, ತಾಯಿ "ಕಿಂಬರ್ಲಿ" ಎಂದಳು. ಎರಡನೆಯದು ಹೆಣ್ಣು. ಅದಕ್ಕೂ ಕಿಂಬರ್ಲಿ! ಮೂರನೆಯ ಗಂಡಿಗೂ ಅದೇ! ಪತ್ರಿಕೆಯ ಪ್ರಕಾರ ಇಡೀ ದೇಶದಲ್ಲಿ ಹೀಗೇ ಅಂತೆ, ಗಂಡು ಹೆಣ್ಣು ನೋಡದೆ ಇಡುತ್ತಿದ್ದಾರಂತೆ. ಬೂಟು ಸವೆಸಿ ಹುಡುಕಿದವಳು ನಾನು, ಇಟ್ಟುಕೊಳ್ಳುವವರು ಇವರು. ಹೊರಗೆ ಬಂದು ಆ ತಾಯಂದಿರನ್ನು ನುಂಗುವ ಹಾಗೆ ನೋಡಿದೆ.

ಆದರೆ ಸಿಟ್ಟು ಮನೆ ತಲುಪುವ ಮುಂಚೆಯೇ ಇಳಿಯಿತು. ನೀನು ಇದ್ದೀಯಾ? ಮಗು ಇದೆಯಾ? ಒಂದೇ ಒಂದು ಸಾಲು ಬರೆ.

ಕೆಜಾಯಾ ಅಕ್ಕ


ಕಿಂಬರ್ಲಿ
೨೦ ಫೆಬ್ರವರಿ ೧೯೦೦

ಅಕ್ಕ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಬದುಕಿದ್ದೇವೆ. ಜನವರಿ ಇಪ್ಪತ್ತೆಂಟಕ್ಕೆ ಹೆಣ್ಣು ಹುಟ್ಟಿತು. ಅವಳಿಗೆ ಇನ್ನೂ ಹೆಸರಿಲ್ಲ. ಯಾಕೆ ಎಂದು ಹೇಳುತ್ತೇನೆ, ಪೂರ್ತಿ ಓದು.

ಮುತ್ತಿಗೆಯ ಕೊನೆಯ ವಾರ ಬೋಯರರು ಒಂದು ದೊಡ್ಡ ಫಿರಂಗಿ ತಂದರು. ಅದರ ಗುಂಡು ಬಿದ್ದರೆ ಬೀದಿಯ ತಗಡಿನ ಮನೆಗಳೆಲ್ಲಾ ಒಟ್ಟಿಗೆ ನಡುಗುತ್ತಿದ್ದವು. ಹೆಂಗಸರು ಮಕ್ಕಳನ್ನೆಲ್ಲ ಗಣಿಯೊಳಗೆ ಇಳಿಸಿದರು. ನಮ್ಮನ್ನು ಇಳಿಸಿದ್ದು ಎನಾಕ್‌ನ ಇಂಜಿನ್ನೇ. ಎದೆಗೆ ಹದಿನೈದು ದಿನದ ಕೂಸು ಕಟ್ಟಿಕೊಂಡು ಆ ಕತ್ತಲೆಗೆ ಇಳಿಯುವಾಗ, ಮೇಲೆ ಇಂಜಿನ್ನಿನ ಸನ್ನೆಕೋಲು ಹಿಡಿದಿರುವ ಅವನ ಕೈ ಜಾರದಿರಲಿ ಎಂದಷ್ಟೇ ಬೇಡಿಕೊಂಡೆ. ನಾಲ್ಕು ದಿನ ಅಲ್ಲಿದ್ದೆವು. ಸಾವಿರಾರು ಜನ, ಮೋಂಬತ್ತಿ, ಕಲ್ಲಿನಿಂದ ತೊಟ್ಟಿಕ್ಕುವ ನೀರು, ಎಲ್ಲರ ಮಕ್ಕಳಿಗೂ ಭೇದಿ. ಟ್ಯಾಮ್ಸಿನ್ ನನ್ನ ಪಕ್ಕದಲ್ಲೇ ಇದ್ದಳು. ಅವಳ ಗಂಡುಮಗುವಿಗೆ ಐದು ವಾರ.

ಎರಡನೆಯ ದಿನ ನನಗೆ ಜ್ವರ ಬಂತು. ಟ್ಯಾಮ್ಸಿನ್ ನನ್ನ ಹಣೆ ಒರೆಸುತ್ತ, "ಇವಳಿಗೆ ಏನ್ ಹೆಸರು ಇಡ್ತೀಯೇ?" ಎಂದಳು. ಇಷ್ಟು ತಿಂಗಳು ಕಟ್ಟಿಟ್ಟ ಬಾಯಿ, ಅಕ್ಕ, ಅಲ್ಲಿ ಬಿಚ್ಚಿತು. ಹೇಳಿಬಿಟ್ಟೆ. "ಕಿಂಬರ್ಲೀನಾ! ಅಯ್ಯೋ ಎಷ್ಟು ಚೆನ್ನಾಗಿದೆ! ನಮ್ಮ ಪೋರನಿಗೂ ಹೇಳಿ ಮಾಡಿಸಿದ ಹಂಗಿದೆ ನೋಡು. ಇಲ್ಲಿಂದ ಬದುಕಿ ಮೇಲೆ ಹೋದ್ರೆ ಈ ಊರಿನ ಹೆಸರಿಗಿಂತ ಇನ್ನೇನು ಬೇಕು" ಎಂದಳು. ಮಾರನೆಯ ದಿನ ಪಾದ್ರಿಗಳು ಇಂಜಿನ್ ಇಳಿಸುವ ಕಬ್ಬಿಣದ ತೊಟ್ಟಿಯಲ್ಲಿ ಇಳಿದು ಬಂದಾಗ ಅವಳೇ ಮೊದಲು ಮಗು ಹಿಡಿದು ನಿಂತಳು. ಆ ಹೆಸರೇ ಇಟ್ಟರು. ನಾನು ಬೇಡ ಎನ್ನಲಿಲ್ಲ. ಏನೆಂದು ಹೇಳಲಿ? ನನ್ನ ಸರದಿ ಬಂದಾಗ ಮಗುವನ್ನು ಶಾಲಿನೊಳಗೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದೆ.

ನಿನ್ನೆ ಅವನು ಸತ್ತ. ಅವನಿಗೆ ಆ ಹೆಸರು ಇದ್ದದ್ದು ಆರೇ ದಿನ. ಇವತ್ತು ಮಣ್ಣು ಮಾಡಿದರು. ನಾನು ಹೋಗಲಿಲ್ಲ, ಎನಾಕ್ ಹೋಗಿಬಂದ. ಮರದ ಶಿಲುಬೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರಂತೆ. ನೀನು ಹತ್ತು ಊರು ಸುತ್ತಿ ಹುಡುಕಿದ ಹೆಸರು ಈಗ ಒಂದು ಗೋರಿಯ ಮೇಲಿದೆ, ಅದು ಅಲ್ಲಿಗೆ ಹೋದದ್ದು ನನ್ನ ಬಾಯಿಂದ. ನನ್ನ ಮಗಳಿಗೆ ಬಂದ ಸಾವು ದಾರಿ ತಪ್ಪಿ ಅವಳ ಮಗನಿಗೆ ಹೋಯಿತೋ ಏನೋ. ಟ್ಯಾಮ್ಸಿನ್ ಮುಖ ನೋಡಲು ಆಗುತ್ತಿಲ್ಲ. ಬೇಲಿಯ ಕಡೆಯ ಕಿಟಕಿಗೆ ಬಟ್ಟೆ ಕಟ್ಟಿದ್ದೇನೆ.

ಇಲ್ಲಿ ಮಕ್ಕಳು ಉಳಿಯುತ್ತಿಲ್ಲ. ಗಣಿಯ ಆಫ್ರಿಕನ್ ಕೂಲಿಗಳ ಕಡೆ ದಿನಕ್ಕೆ ಎಷ್ಟು ಹೆಣ ಎಂದು ಲೆಕ್ಕ ಇಟ್ಟವರೂ ಇಲ್ಲ. ನನ್ನ ಹಾಲು ಬತ್ತುತ್ತಿದೆ. ಮಗಳಿಗೂ ಭೇದಿ ಶುರುವಾಗಿದೆ. ಎನಾಕ್ ಅಂಗಲಾಚುತ್ತಾನೆ: "ಏನಾದ್ರೂ ಒಂದು ಹೆಸರು ಇಡೇ. ದೀಕ್ಷೆ ಇಲ್ದೆ ಹೋದ್ರೆ ಸ್ಮಶಾನದ ಬೇಲಿ ಹೊರಗೆ ಹೂಳ್ತಾರೆ." ಹೆಸರಿಟ್ಟರೆ ಹೋಗುತ್ತಾಳೆ, ಇಡದಿದ್ದರೆ ಹೋದ ಮೇಲೂ ಜಾಗವಿಲ್ಲ. ಬೇರೆ ಹೆಸರು ಹುಡುಕಿ ಕಳಿಸು ಅಕ್ಕ. ನಿನ್ನ ಕಾಗದ ಬರುವ ತನಕ ನಾನು ಅವಳನ್ನು ಪಾದ್ರಿಗಳ ಹತ್ತಿರ ಒಯ್ಯುವುದಿಲ್ಲ. ಬೇಗ.

ಥರ್ಜಾ


ಕಾರ್ಲ್ಟನ್
೧೫ ಮಾರ್ಚ್ ೧೯೦೦

ಥರ್ಜಾ,

ಇದನ್ನು ಓದಿದ ಕೂಡಲೇ ಮಗುವನ್ನು ಎತ್ತಿಕೊಂಡು ಚರ್ಚಿಗೆ ಹೋಗು. ಉಳಿದದ್ದನ್ನು ಬಂದು ಓದು.

ನಿನ್ನ ಕಾಗದ ನಿನ್ನೆ ಬಂತು. ಪಾದ್ರಿಗಳ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದವಳು ಪೆಟ್ಟಿಗೆಯನ್ನು ಅದರ ಮೇಲೇ ಬಿಟ್ಟು ಓದಿದೆ, ನಿಲುವಂಗಿಯ ತೋಳು ಪೂರ್ತಿ ಸುಟ್ಟಿತು. ತಂತಿ ಕೊಡಲು ನಾರ್ವಿಚ್ ಪೇಟೆಗೆ ಓಡಿದೆ. ಸೈನ್ಯದ ತಂತಿಗಳೇ ರಾಶಿ ಬಿದ್ದಿವೆ, ನಮ್ಮಂಥವರದ್ದು ಯಾವಾಗ ಹೋಗುತ್ತದೋ ಹೇಳಲಾಗದು ಎಂದರು.

ವಾಪಸು ಬರುವಾಗ ಓಬೆಡ್ ಒಂದು ಸಣ್ಣ ಗುಂಡಿ ತೋಡುತ್ತಿದ್ದ. "ಯಾರದು? ಆ ಮೂರು ಕಿಂಬರ್ಲಿಗಳಲ್ಲಿ ಒಂದಾ?" ಎಂದೆ. "ಅಲ್ಲಮ್ಮ, ಗಿರಣಿಯೋರ ಆಲ್ಬರ್ಟು" ಅಂದ. ಅಯ್ಯೋ ಸದ್ಯ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಓಬೆಡ್ ಗುದ್ದಲಿ ನಿಲ್ಲಿಸಿ ನನ್ನನ್ನು ನೋಡಿದ. ಬೇರೆಯವರ ಮಗು ಸತ್ತದ್ದು ಕೇಳಿ ಹೋದ ಜೀವ ಬಂದಂತಾದವಳು ನಾನು ಥರ್ಜಾ. ಎಲ್ಲಿಗೆ ಬಂದೆ ನೋಡು. ನೀನು ಹೆದರಿ ಬರೆದಾಗ ಸುಮ್ಮನಿರು ಹುಚ್ಚಿ ಎನ್ನಬೇಕಿತ್ತು. ಅದು ಬಿಟ್ಟು ಬೂಟು ಹಾಕಿಕೊಂಡು ಹೊರಟೆ, ಹತ್ತು ಊರಿನ ಕಲ್ಲು ಎಣಿಸಿ ನಿನ್ನ ಭಯಕ್ಕೆ ಉಣಿಸಿ ಬೆಳೆಸಿದೆ. ತಪ್ಪು ನನ್ನದು.

ಬೇರೆ ಹೆಸರು ಹುಡುಕಿಲ್ಲ. ಹುಡುಕುವುದೂ ಇಲ್ಲ. ವಾಲ್ಟರ್ ಎನ್ನು, ಎಲೆನ್ ಎನ್ನು, ನಿನಗೆ ಬಾಯಿಗೆ ಬಂದದ್ದು ಎನ್ನು. ಈ ಕಾಗದ ತಲುಪಲು ಮೂರು ವಾರ ಬೇಕು. ಅಷ್ಟರಲ್ಲಿ ನಿನಗೇ ಬುದ್ಧಿ ಬಂದು ನೀನು ಚರ್ಚಿಗೆ ಹೋಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಅವಳು ಇರಲಿ.

ನಿನ್ನ ಅಕ್ಕ


ಕಿಂಬರ್ಲಿ
೨ ಏಪ್ರಿಲ್ ೧೯೦೦

ಅಕ್ಕ,

ನಿನ್ನ ಉತ್ತರ ಇನ್ನೂ ಬಂದಿಲ್ಲ, ಸಮುದ್ರದ ಮೇಲಿರಬೇಕು. ನಾನು ಕಾಯಲಿಲ್ಲ. ಇಷ್ಟು ದಿನ ಬರೆಯಲು ಧೈರ್ಯವೂ ಬರಲಿಲ್ಲ, ಬರೆದ ಮಾರನೆಯ ದಿನವೇ ಏನಾದರೂ ಆಗಿಬಿಟ್ಟರೆ ಎಂದು.

ಫೆಬ್ರವರಿ ಇಪ್ಪತ್ತೇಳರ ಬೆಳಿಗ್ಗೆ ಮಗು ಅಳುವುದನ್ನೂ ನಿಲ್ಲಿಸಿತು. ಡಬ್ಬಿಯ ಹಾಲು ಕೊಟ್ಟರೆ ಬಾಯಿಯ ಪಕ್ಕದಿಂದ ಹರಿಯುತ್ತಿತ್ತು. ಕಣ್ಣು ಗುಳಿಬಿದ್ದಿತ್ತು. ಆಗ ಟ್ಯಾಮ್ಸಿನ್ ಹಿತ್ತಲ ಬಾಗಿಲು ತಳ್ಳಿಕೊಂಡು ಬಂದಳು. ಎಂಟು ದಿನದಿಂದ ನಾನು ಅವಳ ಮುಖ ನೋಡಿರಲಿಲ್ಲ. ಅವಳ ರವಿಕೆಯ ಎದೆ ಒದ್ದೆಯಾಗಿತ್ತು.

"ಕೊಡು ಇಲ್ಲಿ" ಅಂದಳು.

ನಾನು ಮಗುವನ್ನು ಬಿಗಿಯಾಗಿ ಹಿಡಿದುಕೊಂಡೆ. ಹೇಗೆ ಹೇಳಲಿ ಅಕ್ಕ, ಅವಳನ್ನು ಕಂಡರೆ ಭಯವಾಯಿತು. ಸಾವು ಹೊಕ್ಕ ಮನೆಯಿಂದ ಬಂದವಳು ಅನ್ನಿಸಿತು. ನನ್ನ ಮನೆಯಿಂದ ಎರಡು ಸಲ ಹೆಣ ಹೋಗಿದೆ ಎನ್ನುವುದು ಆಗ ನೆನಪಾಗಲಿಲ್ಲ.

"ಏನೇ, ನಾನೇನು ತಿಂದ್ಹಾಕ್ತೀನಾ? ಕುಡಿಯೋನಿಲ್ಲದೆ ನನ್ನ ಎದೆ ಕಲ್ಲಾಗಿದೆ, ಇದಕ್ಕೆ ಹಾಲಿಲ್ಲದೆ ಗಂಟಲು ಒಣಗಿದೆ. ಕೊಡೇ!"

ಕಿತ್ತುಕೊಂಡಳು ಎಂದೇ ಹೇಳಬೇಕು. ಸ್ಟೂಲಿನ ಮೇಲೆ ಕೂತು ಎದೆಗೆ ಹಿಡಿದಳು. ಮೊದಲು ಮಗು ಬಾಯಿ ತೆರೆಯಲಿಲ್ಲ. ಅವಳು ಅದರ ತುಟಿಗೆ ಹಾಲು ಹಿಂಡಿ, ಕೆನ್ನೆ ತಟ್ಟಿ, "ಏಳೇ... ಏಳೇ..." ಎಂದು ನನ್ನ ಕಡೆ ತಿರುಗಿದಳು. "ಏನಂತ ಕರೀಲೇ ಇದನ್ನ? ಹೆಸರಿಲ್ಲದ್ದನ್ನ ಎಬ್ಬಿಸೋದು ಹೆಂಗೆ?"

"ಹೆಸರು ನಿನ್ನ ಮಗನಿಗೆ ಹೋಯಿತು" ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಅವಳು ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಅವಳ ಮುಖ ಅರಳಿತು ಅಕ್ಕ. "ಎಂಟು ದಿನ ಆಯ್ತು ಕಣೇ, ಅವನ ಹೆಸರು ಒಬ್ರೂ ಎತ್ತಿಲ್ಲ. ನಮ್ಮ ಯಜಮಾನ್ರೂ ಎತ್ತಲ್ಲ. ಎಲ್ರೂ 'ಆ ಮಗು' ಅಂತಾರೆ. ನೀನಾದ್ರೂ ಹೇಳೇ. ಏನಿತ್ತು ಅವನ ಹೆಸರು?"

"ಕಿಂಬರ್ಲಿ."

"ಹೂಂ. ಇಟ್ಕೋ ಇವಳಿಗೆ. ಅವನಿಗೂ ಒಪ್ಪಿತ್ತು, ಇವಳಿಗೂ ಒಪ್ಪುತ್ತೆ. ಬರೀ ಮಣ್ಣಾಗೇ ಯಾಕಿರಬೇಕು ಅದು?"

ಅವಳು ಮಗುವಿನ ಕಿವಿಯ ಹತ್ತಿರ ಬಗ್ಗಿ ಆ ಹೆಸರಿನಿಂದ ಕರೆದಳು. ನೀರು ಬಿದ್ದಿರಲಿಲ್ಲ, ಪಾದ್ರಿ ಇರಲಿಲ್ಲ, ನಾನು ತಡೆಯಲಿಲ್ಲ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಮಗು ಬಾಯಿ ಹಾಕಿತು. ಅದು ಗುಟುಕರಿಸುವ ಸದ್ದು ಕೇಳಿ ನಾನು ಅವಳ ಕಾಲ ಹತ್ತಿರ ಕೂತು ಗುಟುಕು ಎಣಿಸತೊಡಗಿದೆ.

ಮಧ್ಯಾಹ್ನವೇ ಚರ್ಚಿಗೆ ಹೋದೆವು. ಪಾದ್ರಿಗಳು ಹೆಸರು ಕೇಳಿ ತಡವರಿಸಿದರು. "ಈ ಹೆಸರನ್ನು ನಾನು ಹೋದ ವಾರ ಮಣ್ಣು ಮಾಡಿದೆನಲ್ಲಮ್ಮ, ಗಂಡುಮಗು?" ಎಂದರು. ಟ್ಯಾಮ್ಸಿನ್, "ಹೌದು ಅಯ್ಯನೋರೇ, ಈಗ ಹೆಣ್ಣು. ನೀರು ಹಾಕಿ" ಎಂದಳು. ಅವಳೇ ಧರ್ಮತಾಯಿಯಾಗಿ ನಿಂತು ಮಗುವಿನ ಪರವಾಗಿ ಉತ್ತರ ಹೇಳಿದಳು.

ಅಂದಿನಿಂದ ದಿನಕ್ಕೆ ಐದು ಸಲ ಬಂದು ಹಾಲು ಕುಡಿಸುತ್ತಾಳೆ. ಭೇದಿ ನಿಂತಿದೆ. ಮಗಳ ತೊಡೆ ತುಂಬಿ ಒಂದು ಮಡಿಕೆ ಬಂದಿದೆ, ಎನಾಕ್ ದಿನಾ ಬಂದು ಅದನ್ನು ಮುಟ್ಟಿ ನೋಡುತ್ತಾನೆ. ಭಯ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ತೊಟ್ಟಿಲ ಹತ್ತಿರ ಬಗ್ಗಿ ಉಸಿರು ನೋಡದೆ ಒಂದು ಪಾತ್ರೆ ತೊಳೆಯಲಾರೆ.

ಇವತ್ತು ಬೆಳಿಗ್ಗೆ ಮಗಳು ಎಂದಿಗಿಂತ ಹೆಚ್ಚು ಹೊತ್ತು ಮಲಗಿದ್ದಳು. ಓಡಿಹೋಗಿ, "ಕಿಂಬರ್ಲಿ!" ಎಂದು ಕಿರುಚಿದೆ. ಬೀದಿಗೆಲ್ಲ ಕೇಳಿಸಿರಬೇಕು. ಮಗಳು ಬೆಚ್ಚಿ ಎದ್ದು ಮನೆ ಹಾರಿಹೋಗುವಂತೆ ಅತ್ತಳು. ಅವಳನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದರೆ, ಬೇಲಿಯಾಚೆ ಟ್ಯಾಮ್ಸಿನ್ ಒಗೆದ ಬಟ್ಟೆ ಕೈಯಲ್ಲೇ ಹಿಡಿದು ನಿಂತಿದ್ದಳು.

"ಇನ್ನೊಂದ್ಸಲ ಕೂಗೇ" ಎಂದಳು.

ಕೂಗಿದೆ.

ನಿನ್ನ ತಂಗಿ,
ಥರ್ಜಾ